ಮುಂಚೆಯೇ ಬಿದ್ದ ಗೆರೆ

ಚುನಾವಣೆ ಮುಗಿದ ಮುಂದಿನ ವಾರ, ಪುರಸಭೆಯ ಕೆಳಮಹಡಿಯ ಉದ್ದನೆಯ ಕೋಣೆಯಲ್ಲಿ ಮೇಜುಗಳನ್ನು ಗೋಡೆಯಿಂದ ದೂರಕ್ಕೆ ಎಳೆದು ಸಾಲಾಗಿ ಹಾಕಿದ್ದರು. ಒಂದೊಂದು ಮೇಜಿಗೆ ಇಬ್ಬರು. ಒಬ್ಬರು ಮತಪತ್ರವನ್ನೆತ್ತಿ ಅದರ ಮೇಲೆ ಯಾವ ಗುರುತಿಗೆ ಮುದ್ರೆ ಬಿದ್ದಿದೆಯೆಂದು ಕೂಗಿ ಹೇಳಬೇಕು. ಎದುರಿಗಿದ್ದವರು ತಮ್ಮ ಹಾಳೆಯಲ್ಲಿ ಆ ಗುರುತಿನ ಕೆಳಗೆ ಒಂದು ಗೆರೆ ಎಳೆಯಬೇಕು. ಚುನಾವಣೆಯ ದಿನ ಇದೇ ಪತ್ರಗಳನ್ನು ಯಂತ್ರವೊಂದು ನುಂಗಿ, ಓದಿ, ಕತ್ತಲಾಗುವುದರೊಳಗೆ ಗೆದ್ದವರಾರು ಸೋತವರಾರು ಎಂದು ಸಾರಿಬಿಟ್ಟಿತ್ತು. ಯಂತ್ರ ಓದಿದ್ದು ನೆಟ್ಟಗಿದೆಯೇ ಎಂದು ತಿಳಿಯಲು, ಚೀಟಿ ಎತ್ತಿ ಆರಿಸಿದ ಕೆಲವು ಪೆಟ್ಟಿಗೆಗಳನ್ನು ಮನುಷ್ಯರ ಕೈಯಿಂದ ಮತ್ತೆ ಎಣಿಸುವುದಕ್ಕೆ ಮತತಪಾಸಣೆ ಎಂದು ಹೆಸರು. ಹಿಂದಿನ ಎರಡು ಚುನಾವಣೆಗಳ ಬಳಿಕವೂ ಅದು ನಡೆದಿತ್ತು. ಆದರೆ ಆ ದಿನ ಮಧ್ಯಾಹ್ನ ಮೇಲುಮಹಡಿಯ ಸಭೆಯಲ್ಲಿ ಒಂದು ಠರಾವು ಮತಕ್ಕೆ ಬರುವುದಿತ್ತು: ಈ ತಪಾಸಣೆ ಪ್ರತಿ ಚುನಾವಣೆಗೂ ಬೇಕೇ, ಮೂರು ಚುನಾವಣೆಗೊಮ್ಮೆ ಸಾಕೇ?

ಕಿಟಕಿಯ ಪಕ್ಕದ ಮೇಜು ಓದಮ್ಮ ಮತ್ತು ತಿದ್ದಪ್ಪ ದಂಪತಿಗಳದು. ಇವು ಹೆತ್ತವರು ಇಟ್ಟ ಹೆಸರುಗಳಲ್ಲ. ಇಬ್ಬರೂ ಮುದ್ರಣಾಲಯದಲ್ಲಿ ಕರಡು ನೋಡುವ ಕೆಲಸದಲ್ಲಿದ್ದವರು. ಆಕೆ ಮೂಲಪ್ರತಿಯನ್ನು ಗಟ್ಟಿಯಾಗಿ ಓದುವಳು, ಆತ ಅಚ್ಚಾದ ಹಾಳೆಯ ಮೇಲೆ ಕಣ್ಣೋಡಿಸುತ್ತ ತಿದ್ದುವನು. ಅಚ್ಚು ಜೋಡಿಸುವವರು ಚೇಷ್ಟೆಗೆಂದು ಇಟ್ಟ ಅಡ್ಡಹೆಸರುಗಳು ಮುದ್ರಣಾಲಯದ ಹೊಸಿಲು ದಾಟಿ, ಬೀದಿಗಿಳಿದು, ಕಡೆಗೆ ಹಾಲಿನವನ ಬಾಯಲ್ಲೂ ಗಟ್ಟಿಯಾಗಿ ನಿಂತುಬಿಟ್ಟವು. ಕೆಲಸದಿಂದ ನಿವೃತ್ತರಾದ ಮೇಲೆ ಅವರಿಬ್ಬರೂ ಒಂದೇ ಮೇಜಿಗೆ ಎದುರುಬದುರಾಗಿ ಕೂತು ದುಡಿಯುವ ಸಂದರ್ಭವೆಂದರೆ ಇದೊಂದೇ. ಅದಕ್ಕಾಗಿ ತಿದ್ದಪ್ಪ ಹಿಂದಿನ ದಿನವೇ ಪೆನ್ಸಿಲುಗಳನ್ನು ಹೆರೆದು, ಮೊನೆಗಳೆಲ್ಲ ಒಂದೇ ಕಡೆ ಬರುವಂತೆ ಡಬ್ಬಿಯಲ್ಲಿ ಜೋಡಿಸಿಟ್ಟುಕೊಳ್ಳುತ್ತಿದ್ದನು. ಮನೆಯ ಬೇರಾವ ಕೆಲಸದಲ್ಲೂ ಅವನಿಗೆ ಇಷ್ಟು ಶಿಸ್ತಿರಲಿಲ್ಲವೆಂಬುದನ್ನು ಓದಮ್ಮ ಬಲ್ಲಳು.

ಮೇಜುಗಳಿಗೂ ನೋಡುವವರಿಗೂ ನಡುವೆ ಹಗ್ಗ ಕಟ್ಟಿದ್ದರು. ಹಗ್ಗದಾಚೆ ಎಲ್ಲರಿಗಿಂತ ಮುಂದೆ ನಿಂತಿದ್ದವನು ಮೊಳೆ ಸಾಹುಕಾರ. ಮೊಳೆ, ಬೀಗ, ಬಣ್ಣದ ಡಬ್ಬಗಳ ಅಂಗಡಿಯವನು. ಗಂಟೆಯ ಗುರುತಿನಿಂದ ನಿಂತು, ಏಣಿಯ ಗುರುತಿನವನನ್ನು ಬರೀ ಆರು ಮತಗಳಿಂದ ಸೋಲಿಸಿ ಪುರಸಭೆಗೆ ಮರಳಿದ್ದನು. ಮೂರು ಚುನಾವಣೆಗೊಮ್ಮೆ ಸಾಕು ಎಂಬ ಠರಾವು ಅವನದೇ. ಈ ಮೇಜಿಗೆ ಬಂದ ಪೆಟ್ಟಿಗೆಯೂ ಅವನದೇ ವಾರ್ಡಿನದು.

"ಯಜಮಾನ್ರೇ, ಹೊಟ್ಟೆನೋವು ಇಲ್ದೋನ ಹೊಟ್ಟೇನ ಪ್ರತಿ ಸಲ ಕೊಯ್ದು ನೋಡಿದ್ರೆ, ರೋಗ ಸಿಗದಿದ್ರೂ ಹೊಟ್ಟೆ ಉಳಿಯಲ್ಲ," ಎಂದನು ಸಾಹುಕಾರ, ಹಗ್ಗದ ಮೇಲೆ ಬಾಗಿ.

"ನಿಮ್ಮ ಅಂಗಡಿ ತಕ್ಕಡಿಗೆ ವರ್ಷಾ ವರ್ಷಾ ಮುದ್ರೆ ಹಾಕಿಸ್ಕೋತೀರಲ್ಲ, ಅದರ ಹೊಟ್ಟೆ ಉಳಿದಿಲ್ವಾ?" ತಿದ್ದಪ್ಪ ತಲೆಯೆತ್ತದೆ ಕೇಳಿದನು.

"ಅದು ಕಾಯ್ದೆ ಸ್ವಾಮಿ."

"ಇದೂ ಕಾಯ್ದೆ ಆಗ್ಲಿ ಅಂತಾನೇ ನಾವು ಹೇಳ್ತಿರೋದು. ಮೂರಕ್ಕೊಮ್ಮೆ ಅಂದ್ರೆ ಹನ್ನೆರಡು ವರ್ಷ. ಅಷ್ಟು ಹೊತ್ತಿಗೆ ನನ್ನ ತಪಾಸಣೆಯೇ ಬೇರೆ ಕಡೆ ನಡೀತಿರುತ್ತೆ."

ಹಗ್ಗದಾಚೆಯವರು ನಕ್ಕರು. ಓದಮ್ಮ ನಗಲಿಲ್ಲ. ತಮಾಷೆಯ ಹೊಟ್ಟೆಯಲ್ಲಿ ಲೆಕ್ಕ ಸರಿಯಾಗಿತ್ತು. ಪ್ರತಿ ಚುನಾವಣೆಗೂ ತಪಾಸಣೆ ಎಂದಾದರೆ ಈ ಮೇಜಿಗೆ ಅವರಿಬ್ಬರೂ ಇನ್ನೊಂದು ಸಲ, ಪುಣ್ಯವಿದ್ದರೆ ಎರಡು ಸಲ ಬಂದು ಕೂರಬಹುದು. ಮೂರಕ್ಕೊಮ್ಮೆ ಎಂದಾದರೆ ಇದೇ ಕೊನೆ.

ಎಣಿಕೆ ಮೊದಲಾಯಿತು. ಓದಮ್ಮನ ದನಿ ಮುಪ್ಪಿಗೆ ಬಗ್ಗಿರಲಿಲ್ಲ. "ಏಣಿ. ಏಣಿ. ಗಂಟೆ. ಏಣಿ." ಪ್ರತಿ ಶಬ್ದಕ್ಕೂ ಒಂದು ಗೆರೆ, ನಾಲ್ಕು ಗೆರೆ ನಿಂತ ಮೇಲೆ ಐದನೆಯದು ಅಡ್ಡ. ಆ ಪೆಟ್ಟಿಗೆ ಏಣಿಯವನ ಸ್ವಂತ ಬೀದಿಯದಾದ್ದರಿಂದ ಅದರಲ್ಲಿ ಏಣಿಗಳದೇ ದರ್ಬಾರು. ಗಂಟೆಯವನು ಗೆದ್ದದ್ದು ಉಳಿದ ಬೀದಿಗಳ ಬಲದಿಂದ. ಬೇರೆ ಮೇಜುಗಳವರು ಒಂದು ಕಟ್ಟು ಮುಗಿಸುವಷ್ಟರಲ್ಲಿ ಇವರು ಎರಡು ಮುಗಿಸುತ್ತಿದ್ದರು. ಅದನ್ನು ನೋಡಲೆಂದೇ ಕೆಲವರು ಬಂದಿದ್ದರು.

ಕೂಡಿಸಿ ನೋಡಿದಾಗ ಒಟ್ಟು ಪತ್ರಗಳು ಯಂತ್ರದ ಲೆಕ್ಕಕ್ಕೆ ಸರಿಹೋದವು. ಆದರೆ ಏಣಿಗೆ ಯಂತ್ರ ಕೊಟ್ಟದ್ದಕ್ಕಿಂತ ನಾಲ್ಕು ಹೆಚ್ಚಾಗಿತ್ತು, ಗಂಟೆಗೆ ನಾಲ್ಕು ಕಡಿಮೆಯಾಗಿತ್ತು. ಎರಡೂ ಸೇರಿ ಎಂಟರ ವ್ಯತ್ಯಾಸ; ಆರು ಮತಗಳ ಗೆಲುವನ್ನು ಮಗುಚಿ ಹಾಕಲು ಅಷ್ಟು ಸಾಕು.

ಚುನಾವಣಾಧಿಕಾರಿಣಿ ಓಡಿಬಂದಳು. ಈ ಕುರ್ಚಿಗೆ ಬಂದು ವರ್ಷ ಕಳೆಯದ ಹುಡುಗಿ. ನೆಗಡಿಯಿಂದ ಮೂಗು ಕೆಂಪಾಗಿತ್ತು, ಈಗ ಕಿವಿಯೂ ಕೆಂಪಾಯಿತು.

"ಇನ್ನೊಂದು ಸಲ ಎಣಿಸಬೇಕು. ಯಾರ ಕೈಗೆ ಕೊಡ್ಲಿ?"

"ಇನ್ಯಾರ ಕೈಗೆ?" ಎಂದರು ಸುತ್ತಲಿನವರು. "ಅವರಿಗಿಂತ ನಂಬಿಕಸ್ತರು ಈ ಊರಲ್ಲಿ ಯಾರಿದಾರೆ?"

ಪೆಟ್ಟಿಗೆಯನ್ನು ಮತ್ತೆ ಅವರ ಮುಂದೆಯೇ ಸುರಿದರು.

ಎರಡನೆಯ ಎಣಿಕೆಯ ನಡುವಿನಲ್ಲಿ, ಗಂಟಲು ಕೆರೆದು ಕೆಮ್ಮು ಬಂದಂತಾಗಿ, ಓದಮ್ಮ ಒಂದು ಪತ್ರವನ್ನು ಕೈಯಲ್ಲಿ ಹಿಡಿದು ಕ್ಷಣಕಾಲ ಸುಮ್ಮನಾದಳು. ಕಣ್ಣು ಗಂಡನ ಹಾಳೆಯ ಮೇಲಿತ್ತು. ಆಕೆ ಇನ್ನೂ ಬಾಯಿ ತೆರೆದಿರಲಿಲ್ಲ; ಹಾಳೆಯ ಮೇಲೆ ಏಣಿಯ ಕೆಳಗೆ ಗೆರೆ ಬಿದ್ದಾಗಿತ್ತು. ಪತ್ರವೂ ಏಣಿಯದೇ. "ಏಣಿ," ಎಂದಳು. ಪೆನ್ಸಿಲು ಅಲುಗಲಿಲ್ಲ, ಅದರ ಪಾಲಿನ ಕೆಲಸ ಮುಗಿದಿತ್ತು.

ಮುಂದಿನ ಕೆಲವು ಪತ್ರಗಳನ್ನು ಆಕೆ ಎಂದಿನಂತೆ ಓದಿದಳು. ಕೊನೆಯ ಕಟ್ಟಿನಲ್ಲಿ ಸಾಲಾಗಿ ಏಣಿಗಳು ಬಂದು, ಅವುಗಳ ಹಿಂದೆ ಒಂದು ಗಂಟೆ ಬಂತು. ಆಕೆ ಬೇಕೆಂದೇ ಉಸಿರು ಹಿಡಿದಳು. ಗೆರೆ ಬಿತ್ತು, ಏಣಿಯ ಕೆಳಗೆ.

"ಗಂಟೆ," ಎಂದಳು ಓದಮ್ಮ, ಸ್ಪಷ್ಟವಾಗಿ.

"ಹ್ಞೂ, ಮುಂದೆ," ಎಂದನು ತಿದ್ದಪ್ಪ, ಸಂತೃಪ್ತನಾಗಿ. ಅವನು ಮೋಸ ಮಾಡುತ್ತಿರಲಿಲ್ಲ. ಆಕೆಯ ದನಿಯ ಲಯ ಅವನ ಮೈಯಲ್ಲಿ ಎಷ್ಟು ಇಳಿದಿತ್ತೆಂದರೆ, ಅದು ಬರುವ ಮೊದಲೇ ಅವನಿಗೆ ಕೇಳಿಸಿಬಿಡುತ್ತಿತ್ತು.

ಮುದ್ರಣಾಲಯದ ಹಳೆಯ ಮೇಸ್ತ್ರಿಯ ಕಾಲದಲ್ಲಿ ಹೀಗಾಗುತ್ತಿರಲಿಲ್ಲ. ತಿಂಗಳ ಮೊದಲ ದಿನ ಆತ ಕರಡು ನೋಡುವ ಜೋಡಿಗಳನ್ನೆಲ್ಲ ಒಡೆದು ಬೇರೆ ಬೇರೆಯವರೊಡನೆ ಕೂರಿಸುವನು. ಮದುವೆಯಾದ ಹೊಸದರಲ್ಲಿ ಇವರಿಬ್ಬರನ್ನಂತೂ ಕೋಣೆಯ ಎರಡು ಮೂಲೆಗೆ ಹಾಕಿದ್ದನು. ಮೇಸ್ತ್ರಿಗೆ ಹೊಟ್ಟೆಕಿಚ್ಚು ಎಂದು ತಿದ್ದಪ್ಪ ಮನೆಗೆ ಬಂದು ಬೈಯುತ್ತಿದ್ದನು. ಕೆಲಸಗಾರರು ಕರಗಿ ಕರಗಿ ಇವರಿಬ್ಬರೇ ಉಳಿದ ಮೇಲೆ ಒಡೆಯಲು ಬೇರೆ ಜೋಡಿ ಇರಲಿಲ್ಲ. ಒಂದೇ ಮೇಜು ಸಿಕ್ಕಿದ್ದು ಆಗಲೇ. ಮೇಸ್ತ್ರಿಯ ಪದ್ಧತಿಗೆ ಕಾರಣವೇನಿತ್ತೆಂದು ಆಕೆಗೆ ಈಗ ಹೊಳೆಯಿತು. ಹೊಳೆದದ್ದರಿಂದ ಸಂತೋಷವೇನೂ ಆಗಲಿಲ್ಲ.

ಎರಡನೆಯ ಎಣಿಕೆಯಲ್ಲಿ ಏಣಿಗೆ ಐದು ಹೆಚ್ಚು ಬಂತು.

ಅಧಿಕಾರಿಣಿ ಸ್ವಲ್ಪ ಹೊತ್ತು ಬಿಡುವು ಕೊಟ್ಟಳು. ಸುದ್ದಿ ಬಿಡುವು ತೆಗೆದುಕೊಳ್ಳಲಿಲ್ಲ. ಕಿಟಕಿಯಾಚೆ ಏಣಿಯವನ ಕಡೆಯವರು ಸೇರಿ ಮೊಳೆ ಸಾಹುಕಾರನ ಅಂಗಡಿಯ ಸಾಮಾನಿಗೂ ಅವನ ನಡತೆಗೂ ಸಂಬಂಧ ಕಟ್ಟಿ ಕೂಗುತ್ತಿದ್ದರು. ಮೊಗಸಾಲೆಯ ನಲ್ಲಿಯ ಹತ್ತಿರ ತಿದ್ದಪ್ಪ ಮುಖ ತೊಳೆದು, ಹತ್ತು ವರ್ಷ ಚಿಕ್ಕವನಾದವನಂತೆ ನಿಂತಿದ್ದನು.

"ನೋಡಿದ್ಯೇನೇ? ಎರಡು ಸಲವೂ ಯಂತ್ರದ ತಪ್ಪು ಸಿಕ್ಕಿಬಿತ್ತು! ಇನ್ನು ಮೂರಕ್ಕೊಮ್ಮೆ ಸಾಕು ಅನ್ನೋ ಬಾಯಿ ಯಾವುದಿದೆಯೋ ತೆರೀಲಿ, ನೋಡೋಣ. ನಾಲ್ಕು ವರ್ಷ ಬಿಟ್ಟು ಮತ್ತೆ ಇದೇ ಮೇಜು, ಇದೇ ಕಿಟಕಿ."

"ರೀ, ಒಂದು ವೇಳೆ ನಮ್ಮ ಕಡೆಯೇ ತಪ್ಪಿದ್ರೆ?"

"ನಮ್ಮ ಕಡೆ? ನಿನ್ನ ನಾಲಿಗೆ ಎಡವಿದ್ದನ್ನ ನಾನು ಈ ಜನ್ಮದಲ್ಲಿ ಕೇಳಿಲ್ಲ."

"ನಾಲಿಗೆ ಅಲ್ಲಾರೀ…"

"ಹಾಗಾದ್ರೆ ನನ್ನ ಕೈನಾ?" ಅವನು ಕೈಯನ್ನು ಮುಂದೆ ಚಾಚಿ, ಬೆರಳು ನಡುಗುವುದಿಲ್ಲವೆಂದು ತೋರಿಸಿ, ನಕ್ಕು, ಕರವಸ್ತ್ರ ಮಡಿಸುತ್ತ ಹೊರಟುಹೋದನು.

ಆಕೆ ಅಲ್ಲೇ ನಿಂತಳು. ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ. ಯಂತ್ರಕ್ಕೆ ಬಾಯಿಲ್ಲ, ಅದು ಅಪವಾದ ಹೊತ್ತುಕೊಳ್ಳುತ್ತದೆ. ಠರಾವು ಬಿದ್ದುಹೋಗುತ್ತದೆ, ಗಂಡನ ಹೆಸರು ಪತ್ರಿಕೆಯಲ್ಲಿ ಬರುತ್ತದೆ, ಮೇಜು ಉಳಿಯುತ್ತದೆ. ಬಾಯಿಬಿಟ್ಟರೆ ಕೈ ಎಣಿಕೆಯೇ ನೆಚ್ಚಿಗೆಗೆ ಬಾರದ್ದೆಂದು ಎಲ್ಲರೂ ಎನ್ನುತ್ತಾರೆ. ತಪಾಸಣೆಯೂ ಹೋಗುತ್ತದೆ, ಮೇಜೂ ಹೋಗುತ್ತದೆ, ತಿದ್ದಪ್ಪನ ಮುಖವೂ ಹೋಗುತ್ತದೆ. ಕಾಯಬೇಕಾದ ವಸ್ತುಗಳೆಲ್ಲ ಒಂದೇ ಕಡೆ ಇದ್ದವು.

ಮೊಗಸಾಲೆಯ ತುದಿಯ ಬೆಂಚಿನ ಮೇಲೆ ಮೊಳೆ ಸಾಹುಕಾರ ಫೋನನ್ನು ಕಿವಿಗೆ ಒತ್ತಿಕೊಂಡು ಕೂತಿದ್ದನು. ಬೆಳಗಿನ ಗತ್ತು ಒಂದೂ ಉಳಿದಿರಲಿಲ್ಲ.

"ಇಲ್ಲ ಕಣೇ, ನಿನ್ನಾಣೆ, ನಾನೇನೂ ಮಾಡಿಲ್ಲ. ಯಂತ್ರಕ್ಕೆ ಕೈ ಹಾಕೋಕೆ ನಂಗೆ ಬರುತ್ತಾ? ಮನೆ ಫ್ಯಾನು ರಿಪೇರಿ ಮಾಡೋಕೆ ಹೋಗಿ ಬೀದಿಗೆಲ್ಲ ಕತ್ತಲೆ ಮಾಡಿದೋನು ನಾನು… ಮಗಳಿಗೆ ಏನು ಹೇಳ್ತೀಯೋ ಹೇಳು. ಸ್ಕೂಲಿಂದ ಬೇಗ ಕರ್ಕೊಂಡು ಬಾ. ಅಲ್ಲಿ ಮಕ್ಕಳು ಏನಾದ್ರೂ ಅಂದಾರು."

ಓದಮ್ಮ ಅಧಿಕಾರಿಣಿಯ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿದಳು.

"ನಮ್ಮಿಬ್ಬರನ್ನೂ ಬೇರೆ ಬೇರೆ ಕೂರಿಸಮ್ಮಾ."

"ಯಾಕಮ್ಮಾ? ಜಗಳ ಆಯ್ತಾ?"

"ಜಗಳ ಆಗಿದ್ರೆ ಈ ತೊಂದ್ರೇನೇ ಬರ್ತಿರಲಿಲ್ಲ."

ನಡೆದುದನ್ನು ಆಕೆ ಹೇಳಿದಳು: ಹಿಡಿದ ಉಸಿರು, ಮುಂಚೆಯೇ ಬಿದ್ದ ಗೆರೆ, ಗಂಟೆ ಏಣಿಯಾದದ್ದು. ಅಧಿಕಾರಿಣಿ ಮೂಗಿನ ಮೇಲಿದ್ದ ಕರವಸ್ತ್ರವನ್ನು ತೆಗೆಯುವುದನ್ನೇ ಮರೆತಳು.

"ಇದನ್ನ ಮೇಲೆ ಸಭೆಯಲ್ಲಿ ಹೇಳಬೇಕಾಗುತ್ತೆ. ಎರಡು ಸಲವೂ ನಿಮಗೇ ಕೊಟ್ಟಿದ್ದು ನಾನು, ಅದನ್ನೂ ಹೇಳಬೇಕು. ಸಾಹುಕಾರ್ರು ಬಿಡ್ತಾರಾ?"

"ಬಿಡಲ್ಲ."

"ನಿಮ್ಮ ಯಜಮಾನ್ರಿಗೆ ಗೊತ್ತಾ?"

"ಇನ್ನೂ ಇಲ್ಲ," ಎಂದಳು ಓದಮ್ಮ. "ಮೊದಲು ಎಣಿಸಿ ನೋಡೋಣ. ನಾನೇ ತಪ್ಪು ತಿಳ್ಕೊಂಡಿದ್ರೂ ಇರಬಹುದು." ಹಾಗಿರಲೆಂದು ಆಕೆ ಮನಸಾರೆ ಬಯಸಿದಳು.

ಮೂರನೆಯ ಎಣಿಕೆಗೆ ಆಕೆಯ ಎದುರು ಬಂದು ಕೂತವಳು ದರ್ಜಿಯಾಕೆ. ಇಬ್ಬರಿಗೂ ಮಾತು ಬಿಟ್ಟು ಕೆಲವು ವರ್ಷಗಳಾಗಿದ್ದವು. ತಿದ್ದಪ್ಪನಿಗೆ ಹೊಲಿದ ಕೋಟಿನ ಒಂದು ತೋಳು ಗಿಡ್ಡವಾಯಿತೆಂದು ಓದಮ್ಮ ದೂರಿದಾಗ, ತೋಳು ಸರಿಯಾಗಿಯೇ ಇದೆ, ನಿಮ್ಮ ಯಜಮಾನರ ಕೈಯೇ ಒಂದು ಉದ್ದ ಎಂದು ಆಕೆ ಅಂಗಡಿಯಲ್ಲಿ ಹತ್ತು ಜನರೆದುರು ಹೇಳಿದ್ದಳು. ಕಣ್ಣಿಗೆ ವಿಶ್ರಾಂತಿ ಬೇಕೆಂಬ ನೆಪದಲ್ಲಿ ತಿದ್ದಪ್ಪನನ್ನು ಅಧಿಕಾರಿಣಿ ಹಗ್ಗದಾಚೆ ಕುರ್ಚಿಯಲ್ಲಿ ಕೂರಿಸಿದಳು. ಅವನು ಹೆಂಡತಿಯ ಕಡೆ ನೋಡಿದನು. ಹೆಂಡತಿ ಪತ್ರದ ಕಟ್ಟಿನ ಕಡೆ ನೋಡಿದಳು.

"ಏಣಿ," ಎಂದಳು ಓದಮ್ಮ.

"ಎಲ್ಲಿ, ತೋರಿಸಿ," ಎಂದಳು ದರ್ಜಿಯಾಕೆ.

"ನನ್ನ ಮಾತಲ್ಲಿ ನಂಬಿಕೆ ಇಲ್ವಾ?"

"ನನ್ನ ಕತ್ತರಿ ಮೇಲೆ ನಿಮಗಿತ್ತಾ?"

ಪ್ರತಿ ಪತ್ರಕ್ಕೂ ಆಕೆ ಕತ್ತು ಚಾಚಿ, ಬಟ್ಟೆಯ ನೂಲು ನೋಡುವವಳಂತೆ ಗುರುತನ್ನು ನೋಡಿ, ಆಮೇಲೆ ಗೆರೆ ಎಳೆಯುವಳು. ಪ್ರತಿ ಕಟ್ಟಿನ ಕೊನೆಯಲ್ಲಿ ಓದಮ್ಮ ಹಾಳೆಯನ್ನು ತನ್ನತ್ತ ತಿರುಗಿಸಿಕೊಂಡು ಗೆರೆಗಳನ್ನು ತಾನೇ ಎಣಿಸುವಳು. ಎಣಿಕೆ ಆಮೆಯಂತೆ ಸಾಗಿತು. ಅಕ್ಕಪಕ್ಕದ ಮೇಜಿನವರು ಆ ದಿನದ ಪಾಲು ಮುಗಿಸಿ ಎದ್ದು ಹೋದರು. ಆ ಒಂದು ಪೆಟ್ಟಿಗೆಗೆ ಹಿಂದಿನ ಎರಡು ಎಣಿಕೆಗಳು ಸೇರಿ ಹಿಡಿದದ್ದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು. ಕೂಡಿಸಿದಾಗ, ಏಣಿಗೂ ಗಂಟೆಗೂ ಯಂತ್ರ ಕೊಟ್ಟ ಸಂಖ್ಯೆಗಳೇ ಬಂದವು; ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ.

ಮೊಳೆ ಸಾಹುಕಾರ ಹಗ್ಗವನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣು ಮುಚ್ಚಿದನು. ತಿದ್ದಪ್ಪ ಕುರ್ಚಿಯಿಂದ ಎದ್ದನು.

ಮೇಲುಮಹಡಿಯ ಮೆಟ್ಟಿಲಿನ ತಿರುವಿನಲ್ಲಿ ಓದಮ್ಮ ಗಂಡನನ್ನು ನಿಲ್ಲಿಸಿ, ಸಾಹುಕಾರ ಫೋನಿನಲ್ಲಿ ಹೆಂಡತಿಗೆ ಅಂದದ್ದನ್ನೂ ಸೇರಿಸಿ, ಎಲ್ಲವನ್ನೂ ಹೇಳಿದಳು. ಅವನು ಕಟಕಟೆಯನ್ನು ಹಿಡಿದುಕೊಂಡು ಕೇಳಿದನು. ಸಭೆಗೆ ಹೋಗುವವರು ಅವರನ್ನು ಬಳಸಿಕೊಂಡು ಮೇಲೇರಿದರು.

"ಯಾವಾಗ ಗೊತ್ತಾಯ್ತು ನಿಂಗೆ?"

"ಎರಡನೇ ಸಲ, ಕೊನೇ ಕಟ್ಟಲ್ಲಿ."

"ಅಲ್ಲೇ ಹೇಳಬಹುದಿತ್ತು."

"ಹೇಳಿದ್ರೆ ನಂಬ್ತಿದ್ರಾ?"

ತಿದ್ದಪ್ಪ ಪ್ರಾಮಾಣಿಕವಾಗಿ ಯೋಚಿಸಿದನು. "ಇಲ್ಲ," ಎಂದನು. ಕಟಕಟೆಯಿಂದ ಕೈ ತೆಗೆದು, "ನನಗೆ ನೀನು ಹೇಳಿದ್ದು ಕೇಳಿಸ್ತಿತ್ತು ಕಣೇ. ಪ್ರತಿಯೊಂದೂ ಕೇಳಿಸ್ತಿತ್ತು," ಎಂದನು.

"ನಾನು ಹೇಳದೇ ಇದ್ದದ್ದೂ," ಎಂದಳು ಓದಮ್ಮ.

ಸಭೆಯಲ್ಲಿ ಅಧಿಕಾರಿಣಿ ಮೂರು ಎಣಿಕೆಗಳ ವರದಿಯನ್ನು, ತನ್ನ ಪಾಲಿನ ಅವಿವೇಕವನ್ನೂ ಬಿಡದೆ, ಓದಿದಳು. ಮೊಳೆ ಸಾಹುಕಾರ ಎದ್ದು ನಿಂತನು. ಅವನ ದನಿ ಮರಳಿತ್ತು. ಗತ್ತು ಅರ್ಧ ಮಾತ್ರ ಮರಳಿತ್ತು.

"ಮೂರನೇ ಎಣಿಕೆ ನನ್ನನ್ನ ಉಳಿಸ್ತು, ಒಪ್ತೀನಿ. ಆದ್ರೆ ಮೊದಲ ಎರಡು ನನ್ನನ್ನ ಕಳ್ಳ ಮಾಡಿದ್ವು. ಯಂತ್ರ ಸರಿಯಾಗೇ ಇತ್ತು, ತಪ್ಪಿದ್ದು ತಪಾಸಣೆ. ಇದನ್ನ ಪ್ರತಿ ಸಲ ಮಾಡಿದ್ರೆ ಪ್ರತಿ ಸಲ ಒಬ್ಬ ಕಳ್ಳ ಹುಟ್ತಾನೆ. ಮೂರಕ್ಕೊಮ್ಮೆ ಮಾಡಿ, ಹುಷಾರಾಗಿ ಮಾಡಿ."

ಹಲವರು ತಲೆದೂಗಿದರು. ಆ ಮಾತಿನಲ್ಲಿ ಅನ್ಯಾಯವೇನೂ ಇಲ್ಲವೆಂದು ಓದಮ್ಮನಿಗೂ ಅನ್ನಿಸಿತು. ಸಾರ್ವಜನಿಕರಲ್ಲಿ ಯಾರಾದರೂ ಮಾತನಾಡುವುದಿದೆಯೇ ಎಂದು ಅಧ್ಯಕ್ಷರು ಕೇಳಿದರು. ಹಿಂದಿನ ಸಾಲಿನಲ್ಲಿ ತಿದ್ದಪ್ಪ ಎದ್ದನು. ಆಕೆ ಅವನ ತೋಳು ಹಿಡಿಯಹೋದಳು, ಸಿಗಲಿಲ್ಲ.

"ಗೆರೆ ಎಳೆದೋನು ನಾನು," ಎಂದನು ಅವನು. "ಸಾಹುಕಾರ್ರೇ, ತಪ್ಪು ನಂದು ಅಂತ ನಿಮ್ಮ ಮನೆಯವರ ಹತ್ರ ನನ್ನ ಪರವಾಗಿ ಒಂದು ಮಾತು ಹೇಳಿ. ಮೊದಲ ತಪಾಸಣೆಗೆ ನಾವಿಬ್ಬರೂ ಹೆದರ್ಕೊಂಡು ಎಣಿಸಿದ್ವಿ. ಈ ಸಲ ಹೆದರಿಕೆ ಇರಲಿಲ್ಲ. ಪಳಗಿಬಿಟ್ಟಿದ್ವಿ."

"ಅದನ್ನೇ ನಾನೂ ಹೇಳ್ತಿರೋದು!" ಸಾಹುಕಾರ ನಡುವೆ ಬಾಯಿ ಹಾಕಿದನು. "ಅಪರೂಪಕ್ಕೆ ಮಾಡಿದ್ರೆ ಹೆದರಿಕೆ ಇರುತ್ತೆ."

"ಎಣಿಸೋರಿಗೆ ಇರುತ್ತೆ ಸ್ವಾಮಿ. ಯಂತ್ರ ಇಟ್ಕೊಂಡಿರೋರಿಗೆ? ಮುಂದಿನ ಎರಡು ಚುನಾವಣೇಲಿ ಯಾರೂ ನೋಡಲ್ಲ ಅಂತ ಇವತ್ತೇ ಡಂಗುರ ಹೊಡೆದ್ರೆ, ಅವರೂ ನನ್ನ ಹಾಗೇ ಪಳಗಿಬಿಡ್ತಾರೆ. ಪ್ರತಿ ಸಲ ನೋಡಿ. ಆದ್ರೆ ನೋಡೋರನ್ನ ಬದಲಾಯಿಸಿ. ಗಂಡ ಹೆಂಡ್ತೀನ ಜೊತೆಗೆ ಕೂರಿಸಬೇಡಿ. ಒಂದು ಸಲ ಕೂತ ಜೋಡೀನ ಮತ್ತೆ ಕೂರಿಸಬೇಡಿ. ಹಾಗಂತ ಠರಾವಿನಲ್ಲೇ ಬರೆದುಬಿಡಿ."

ಹೇಳಿ ಕೂತನು. ಓದಮ್ಮ ಮುಂದಿನ ಸಾಲಿನವರ ಬೆನ್ನನ್ನು ನೋಡುತ್ತಿದ್ದಳು. ತಮ್ಮಿಬ್ಬರ ಆ ಮೇಜಿನ ಪಾಲಿಗೆ ಹನ್ನೆರಡು ವರ್ಷವೂ ಒಂದೇ, ನಾಲ್ಕು ವರ್ಷವೂ ಒಂದೇ ಎಂಬಂತೆ ಅವನು ತನ್ನ ಕೈಯಿಂದಲೇ ಮಾಡಿಬಿಟ್ಟಿದ್ದನು.

ಚರ್ಚೆ ಬಹಳ ಬೆಳೆಯಲಿಲ್ಲ. ಪ್ರತಿ ಚುನಾವಣೆಯ ನಂತರವೂ ತಪಾಸಣೆ, ಜೋಡಿಗಳನ್ನು ಪ್ರತಿ ಸಲವೂ ಚೀಟಿಯೆತ್ತಿ ಹೊಸದಾಗಿ ಕಟ್ಟುವುದು ಎಂದು ಸದಸ್ಯರೊಬ್ಬರು ತಿದ್ದುಪಡಿ ಮಂಡಿಸಿದರು. ಕೈಗಳು ಮೇಲೆದ್ದವು, ಎರಡೂ ಕಡೆ ಸಮವಾಗಿ, ಅಧ್ಯಕ್ಷರ ಒಂದು ಮತದಿಂದ ಅದು ಗೆದ್ದಿತು. ಮೊಳೆ ಸಾಹುಕಾರ ವಿರುದ್ಧವಾಗಿಯೇ ಕೈಯೆತ್ತಿದನು. ಹೊರಗೆ ಬಾಗಿಲಲ್ಲಿ ಸಿಕ್ಕಾಗ ತಿದ್ದಪ್ಪನಿಗೆ, "ಮನೆಯವಳಿಗೆ ಹೇಳ್ತೀನಿ," ಎಂದಷ್ಟೇ ಹೇಳಿ, ಕೊಡೆ ಬಿಚ್ಚಿಕೊಂಡು ಇಳಿದು ಹೋದನು.

ಅದೇ ವಾರ್ಡಿನ ಎಣಿಸಬೇಕಾದ ಪೆಟ್ಟಿಗೆಗಳು ಇನ್ನೂ ಉಳಿದಿದ್ದುದರಿಂದ ಹೊಸ ನಿಯಮ ಮರುದಿನ ಬೆಳಗ್ಗೆಯೇ ಜಾರಿಗೆ ಬಂತು. ಅಧಿಕಾರಿಣಿ ಬಾಗಿಲಲ್ಲಿ ಎರಡು ಡಬ್ಬಿಗಳನ್ನು ಇಟ್ಟು, ಕೂಗುವವರು ಒಂದರಿಂದ, ಗೆರೆ ಎಳೆಯುವವರು ಇನ್ನೊಂದರಿಂದ ಚೀಟಿ ತೆಗೆಯಬೇಕೆಂದಳು. ತಿದ್ದಪ್ಪ ಬರುವನೋ ಇಲ್ಲವೋ ಎಂದು ಓದಮ್ಮನಿಗೆ ಮನೆ ಬಿಡುವವರೆಗೂ ಖಾತ್ರಿಯಿರಲಿಲ್ಲ. ಅವನು ಬಂದನು. ಬಂದು, ಕೂಗುವವರ ಡಬ್ಬಿಗೆ ಕೈ ಹಾಕಿದನು.

"ಅದು ಓದೋರದು ರೀ."

"ಗೊತ್ತು. ಈ ಕೈಗೆ ಸ್ವಲ್ಪ ದಿನ ರಜೆ. ಇವತ್ತು ನಾನು ಓದ್ತೀನಿ."

"ನೀವು? ಗಟ್ಟಿಯಾಗಿ?"

"ಯಾಕೆ, ನಿಂಗೊಬ್ಬಳಿಗೇನಾ ಗಂಟಲಿರೋದು?"

ಓದಮ್ಮ ಇನ್ನೊಂದು ಡಬ್ಬಿಗೆ ಕೈ ಹಾಕಿದಳು. ಆಕೆಯ ಚೀಟಿಗೆ ಬಂದವನು ಬಸ್ಸಿನ ಚಾಲಕನಾಗಿದ್ದ ದಪ್ಪ ಮೀಸೆಯ ಮುದುಕ. ಅವನ ದನಿ ಬಾವಿಯ ತಳದಿಂದ ಬಂದಂತಿತ್ತು. ತಿದ್ದಪ್ಪ ಬಾಗಿಲ ಬಳಿಯ ಮೇಜಿನಲ್ಲಿ ಯಾರೋ ಅಪರಿಚಿತ ಹೆಂಗಸಿನೆದುರು ಕೂತನು.

ಅವನ ಮೊದಲ "ಏಣಿ" ಒಡೆದ ದನಿಯಲ್ಲಿ ಬಂತು; ಎದುರಿನ ಹೆಂಗಸು ಇನ್ನೊಮ್ಮೆ ಹೇಳಿ ಎಂದಳು. ಅವನು ಗಂಟಲು ಸರಿಮಾಡಿಕೊಂಡು ಮತ್ತೆ ಹೇಳಿದನು. ಇಷ್ಟು ವರ್ಷ ಜೊತೆಗಿದ್ದೂ ಅವನು ಗಟ್ಟಿಯಾಗಿ ಓದುವುದನ್ನು ಓದಮ್ಮ ಒಂದು ದಿನವೂ ಕೇಳಿರಲಿಲ್ಲ. ಒತ್ತಕ್ಷರವಿಲ್ಲದ ಕಡೆಯೂ ಒತ್ತು ಕೊಡುತ್ತಿದ್ದನು. ಪ್ರತಿ ಪತ್ರಕ್ಕೂ ಮೊದಲು ಉಸಿರು ಎಳೆದುಕೊಳ್ಳುತ್ತಿದ್ದನು. ಆಕೆಯ ಕಿವಿ ತಾನಾಗಿಯೇ ಬಾಗಿಲ ಕಡೆ ತಿರುಗಿತು.

"ಅಮ್ಮಾ, ಗಂಟೆ ಅಂದೆ," ಎಂದನು ಚಾಲಕ.

"ಕೇಳಿಸ್ಲಿಲ್ಲ," ಎಂದಳು ಓದಮ್ಮ. "ಪತ್ರ ತೋರಿಸಿ."

ಚಾಲಕ ತೋರಿಸಿದನು. ಆಕೆ ನೋಡಿ, ಗಂಟೆಯ ಕೆಳಗೆ ಗೆರೆ ಎಳೆದು, ಮುಂದಿನ ಮಾತಿಗೆ ಪೆನ್ಸಿಲನ್ನು ಹಾಳೆಯಿಂದ ಮೇಲೆ ಹಿಡಿದು ಕಾದಳು.